ಯುಪಿಎಸ್ ಆನ್ ಆಗ್ತಿಲ್ವಾ? ಪೆಟ್ಟಿಗೆ ಹೊರುವ ಮೊದಲು ವೈರು ನೋಡಿ

ಪುಷ್ಯ ಮಳೆ ಹಿಡಿದು ಐದನೇ ದಿನ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗಡೆ ನಮ್ಮೂರು. ಧರೆ ಮೇಲಿನ ಹಲಸಿನ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ಅದೇ ಸಂಜೆ ದೊಡ್ಡಪ್ಪನ ಮನೆಯ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ದೀಪ ಉರಿಸುವ ಪೆಟ್ಟಿಗೆ, ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಎದುರಿನ ಹಸಿರು ದೀಪ ಒಮ್ಮೆ ಮಿಣುಕ್ ಅಂದು ಆರುತ್ತಿತ್ತು. ಮತ್ತೆ ಒತ್ತಿದರೆ ಅದೂ ಇಲ್ಲ.

ಮರುದಿನ ದೊಡ್ಡಪ್ಪ ಬ್ಯಾಟರಿ ಬಿಟ್ಟು ಪೆಟ್ಟಿಗೆಯನ್ನು ಮಾತ್ರ ಗೋಣಿಚೀಲದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಬಸ್ಸಿನಲ್ಲಿ ಪೇಟೆಗೆ ಕೊಂಡೊಯ್ದರು. ಅಂಗಡಿಯಲ್ಲಿ ಬೇರೆ ಬ್ಯಾಟರಿಗೆ ಜೋಡಿಸಿದ ಕೂಡಲೇ ಅದು ಗುಂಯ್ ಎಂದು ಶುರುವಾಯಿತು. ಬಲ್ಬೂ ಉರಿಯಿತು. ವಾಪಸ್ ತಂದು ಜೋಡಿಸಿದರೆ ಮತ್ತೆ ಅದೇ ಕಥೆ. ಸಂಜೆ ನಮ್ಮ ಜಗಲಿಗೆ ಬಂದು ಕೂತರು. "ಪೇಟೇಲಿ ಸರಿ ಇತ್ತು ಮಾರಾಯ, ಮನೆಗೆ ಬಂದ್ರೆ ಉಸಿರೇ ಇಲ್ಲ."

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಅವರ ಜೊತೆಯೇ ಹೋದೆ. ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಪೆಟ್ಟಿಗೆ ಸರಿ ಇದೆ, ಬ್ಯಾಟರಿಯೂ ಸರಿ ಇದೆ. ಹಾಳಾಗಿದ್ದು ಎರಡರ ನಡುವಿನ ಎರಡಡಿ ವೈರು. ಅದು ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳ್ತೀನಿ.

ನಾನು ತೋಟದವನು, ಎಲೆಕ್ಟ್ರಿಷಿಯನ್ ಅಲ್ಲ. ಆದರೆ ಹತ್ತಾರು ವರ್ಷದಿಂದ ನಮ್ಮನೆ, ನೆಂಟರ ಮನೆ, ಅಕ್ಕಪಕ್ಕದವರ ಮನೆಯ ಯುಪಿಎಸ್‌ಗಳ ಜೊತೆ ಒದ್ದಾಡಿದ್ದೇನೆ. ಹೀಗೆ ಸತ್ತು ಮಲಗಿದವುಗಳಲ್ಲಿ ನಾನು ನೋಡಿದ ಬಹುಪಾಲಿನಲ್ಲಿ ಪೆಟ್ಟಿಗೆಯ ತಪ್ಪೇ ಇರಲಿಲ್ಲ. ಬ್ಯಾಟರಿ ಖಾಲಿಯಾಗಿತ್ತು, ಇಲ್ಲವೇ ಬ್ಯಾಟರಿಯಿಂದ ಪೆಟ್ಟಿಗೆಗೆ ಹೋಗುವ ದಾರಿ ಕೆಟ್ಟಿತ್ತು. ಇದನ್ನು ಮನೆಯಲ್ಲೇ ಅಳೆದು ನೋಡಬಹುದು. ಮಲ್ಟಿಮೀಟರ್ ಏನೂ ದುಬಾರಿ ಸಾಮಾನಲ್ಲ. ಮಳೆಗಾಲಕ್ಕೆ ಮುಂಚೆ ಒಂದು ತಂದಿಟ್ಟುಕೊಳ್ಳಿ.

ಕೈ ಹಾಕುವ ಮೊದಲು

12 ವೋಲ್ಟಿನ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯೋದಿಲ್ಲ, ನಿಜ. ಆದರೆ ಪ್ಲಸ್ ಮತ್ತು ಮೈನಸ್ ಎರಡಕ್ಕೂ ತಾಗುವಂತೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಕರೆಂಟ್ ಒಮ್ಮೆಗೇ ಹರಿದು ಸ್ಪ್ಯಾನರ್ ಕೆಂಡವಾಗುತ್ತೆ. ಬೆರಳಿನ ಉಂಗುರ, ಕೈಯ ಬಳೆ, ಕತ್ತಿನ ಸರ ಮೊದಲು ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಒಳಗಿನ ನೀರು ಆಸಿಡ್. ಬಟ್ಟೆಗೆ ಬಿದ್ದರೆ ಎರಡು ಒಗೆತಕ್ಕೆ ತೂತು ಬೀಳುತ್ತೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ.

ಇನ್ನೊಂದು ವಿಷಯ ನಮ್ಮ ಕಡೆ ಯಾರೂ ಜಾಸ್ತಿ ಗಮನ ಕೊಡೋದಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಗಾಳಿ ಬರುತ್ತೆ. ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ದೇವರ ಕೋಣೆಯ ಪಕ್ಕದ ಸಣ್ಣ ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಇಟ್ಟವರು ಎಷ್ಟೋ ಜನ ಇದ್ದಾರೆ. ದಯವಿಟ್ಟು ಅಲ್ಲಿಂದ ತೆಗೆಯಿರಿ. ದೀಪ, ಊದಿನಕಡ್ಡಿ, ಬಚ್ಚಲ ಒಲೆ ಯಾವುದೂ ಹತ್ತಿರ ಇರಬಾರದು. ಪರೀಕ್ಷೆ ಮಾಡುವಾಗ ಕಿಟಕಿ ಬಾಗಿಲು ತೆಗೆದಿಡಿ.

ಯುಪಿಎಸ್ ಹೊರಗೆ ಕೊಡುವುದು 230 ವೋಲ್ಟ್. ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೂ ಅದು ಜೀವ ತೆಗೆಯುವ ಕರೆಂಟೇ. ಹಾಗಾಗಿ ಎದುರಿನ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಆಮೇಲೆ ಕೆಲಸ ಶುರು ಮಾಡಿ. ಪೆಟ್ಟಿಗೆಯ ಮುಚ್ಚಳ ಮಾತ್ರ ಬಿಚ್ಚಬೇಡಿ.

ಹೇಗೆ ಸತ್ತಿದೆ?

ಆನ್ ಆಗ್ತಿಲ್ಲ ಅನ್ನುವುದರಲ್ಲೂ ಬೇರೆ ಬೇರೆ ತರ ಇದೆ. ಯಾವ ತರ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಲೈನಿನಲ್ಲಿ ಕರೆಂಟ್ ಇದ್ದಾಗ ಮನೆಯ ದೀಪವೆಲ್ಲ ಉರಿಯುತ್ತೆ, ಕರೆಂಟ್ ಹೋದ ಕ್ಷಣ ಎಲ್ಲ ಕತ್ತಲು ಅಂತಾದರೆ ತಪ್ಪು ಬ್ಯಾಟರಿ ಕಡೆ ಇದೆ. ಕರೆಂಟ್ ಇದ್ದಾಗಲೂ ಡಿಸ್‌ಪ್ಲೇಯಲ್ಲಿ ಒಂದು ದೀಪವೂ ಇಲ್ಲ ಅಂತಾದರೆ ಮೊದಲು ಗೋಡೆಯ ಸಾಕೆಟ್, ಪ್ಲಗ್, ಪೆಟ್ಟಿಗೆ ಹಿಂದಿನ ಫ್ಯೂಸ್ ನೋಡಬೇಕು. ಆನ್ ಆಗಿ ಒಂದೆರಡು ಸೆಕೆಂಡಿಗೆ ಕೂಗಿಕೊಂಡು ಆಫ್ ಆದರೆ ಒಂದೋ ಲೋಡ್, ಅಂದರೆ ಅದಕ್ಕೆ ಹಾಕಿರುವ ದೀಪ, ಫ್ಯಾನುಗಳ ಹೊರೆ ಜಾಸ್ತಿ, ಇಲ್ಲವೇ ಬ್ಯಾಟರಿ ಕುಸೀತಾ ಇದೆ. ದೊಡ್ಡಪ್ಪನ ಮನೆಯಲ್ಲಿ ಆದ ಹಾಗೆ ಒಮ್ಮೆ ಮಿಣುಕಿ ಆರಿದರೆ ನನ್ನ ಅನುಮಾನ ನೇರ ವೈರಿನ ಮೇಲೆ ಹೋಗುತ್ತೆ.

ಮೂರು ದಿನದಿಂದ ಕರೆಂಟ್ ಇಲ್ಲ, ಬ್ಯಾಟರಿಯನ್ನು ಪೂರ್ತಿ ಹೀರಿಯಾಗಿದೆ ಅಂದರೆ ಪೆಟ್ಟಿಗೆ ಸುಮ್ಮನಿರುವುದು ದೋಷವೇ ಅಲ್ಲ. ಅದರ ದೀಪ ಉರಿಯುವುದಕ್ಕೂ ಬ್ಯಾಟರಿಯೇ ಬೇಕಲ್ವಾ? ಕರೆಂಟ್ ಬಂದ ಮೇಲೆ ನೋಡಿ ತೀರ್ಮಾನ ಮಾಡಿ.

ಒಂದು ಸಣ್ಣ ವಿಷಯ ಮೊದಲೇ ಹೇಳಿಬಿಡ್ತೀನಿ. ಲೋಡ್ ಜಾಸ್ತಿಯಾಗಿ ಅಥವಾ ಬ್ಯಾಟರಿ ಇಳಿದು ತಾನಾಗಿ ಆಫ್ ಆದ ಯುಪಿಎಸ್ ಎಷ್ಟೋ ಸಲ ತಾನಾಗಿ ಎದ್ದೇಳೋದಿಲ್ಲ. ಎದುರಿನ ಸ್ವಿಚ್ ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು, ಮತ್ತೆ ಆನ್ ಮಾಡಬೇಕು. ಕೆಲವದರಲ್ಲಿ ಬೇರೆಯೇ ರೀಸೆಟ್ ಗುಂಡಿ ಇರುತ್ತೆ. ಹಿಂದುಗಡೆ ಬೈಪಾಸ್ ಸ್ವಿಚ್ (ಲೈನಿನ ಕರೆಂಟನ್ನು ನೇರ ಮನೆಗೆ ಕೊಡುವುದು) ಇದ್ದರೆ ಅದು ಯಾವ ಕಡೆ ಇದೆ ಅಂತಲೂ ನೋಡಿ. ಕಸ ಗುಡಿಸುವಾಗ ಪೊರಕೆ ತಾಗಿ ತಿರುಗಿದ್ದನ್ನು ನಾನೇ ನೋಡಿದ್ದೇನೆ.

ಬ್ಯಾಟರಿ ಎಷ್ಟು ತೋರಿಸುತ್ತೆ

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ವೈರಿನ ಮೇಲೋ ನಟ್ಟಿನ ಮೇಲೋ ಇಡಬೇಡಿ. ಬ್ಯಾಟರಿಯಿಂದ ಎದ್ದು ನಿಂತ ಸೀಸದ ಕಂಬದ ಮೇಲೆಯೇ ಒತ್ತಿ ಹಿಡಿಯಿರಿ. ಚಾರ್ಜಿಂಗ್ ನಿಂತು ಎರಡು ಮೂರು ಗಂಟೆಯಾದರೂ ಆಗಿರಬೇಕು. ಇಲ್ಲದಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ.

12.6 ಅಥವಾ 12.7 ಬಂದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12.0 ಅಂದರೆ ಕಾಲು ಭಾಗ ಉಳಿದಿದೆ. 11.8ಕ್ಕಿಂತ ಕೆಳಗೆ ಇದ್ದರೆ ಖಾಲಿ. ಯುಪಿಎಸ್ ಕೆಲಸ ಮಾಡುತ್ತಿರುವಾಗ ಬ್ಯಾಟರಿ ಸುಮಾರು 10.5 ವೋಲ್ಟಿಗೆ ಇಳಿದರೆ ಪೆಟ್ಟಿಗೆ ತಾನೇ ಆಫ್ ಆಗುತ್ತೆ. ಅದು ಬ್ಯಾಟರಿ ಉಳಿಸಲಿಕ್ಕೆ ಮಾಡಿರುವ ವ್ಯವಸ್ಥೆ. ದೊಡ್ಡ ಮನೆಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. ಆಗ ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ, ಕೆಟ್ಟದ್ದು ಯಾವುದು ಅಂತ ಆಗಲೇ ಗೊತ್ತಾಗೋದು.

ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ 10.5 ಆಸುಪಾಸಿನಲ್ಲೇ ನಿಂತರೆ ಅದಕ್ಕೆ ಒಂದು ಲೆಕ್ಕ ಇದೆ. 12 ವೋಲ್ಟಿನ ಬ್ಯಾಟರಿಯೊಳಗೆ ಆರು ಸೆಲ್ಲುಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಆರರಲ್ಲಿ ಒಂದು ಸತ್ತರೆ ಐದೇ ಉಳಿಯಿತು. ಐದು ಗುಣಿಸು 2.1 ಎಂದರೆ 10.5. ಒಂದು ಸೆಲ್ ಶಾರ್ಟ್ ಆದ ಬ್ಯಾಟರಿಯನ್ನು ಚಾರ್ಜ್ ಮಾಡಿ ಉಳಿಸೋಕೆ ಆಗೋದಿಲ್ಲ. ಅದಕ್ಕೆ ಮತ್ತೆ ಮತ್ತೆ ದುಡ್ಡು ಹಾಕಬೇಡಿ.

ಲೋಡ್ ಕೊಟ್ಟು ಅಳೆದರೆ ಮಾತ್ರ ನಿಜ ಗೊತ್ತಾಗುತ್ತೆ

ದೊಡ್ಡಪ್ಪನ ಬ್ಯಾಟರಿ 12.4 ತೋರಿಸಿತು. ಪರವಾಗಿಲ್ಲ. ಆಮೇಲೆ ವೈರಿನ ಇನ್ನೊಂದು ತುದಿ, ಅಂದರೆ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಅಳೆದೆ. ಅಲ್ಲೂ 12.4. ಇಲ್ಲಿಗೆ ನಿಲ್ಲಿಸಿದ್ದರೆ ವೈರು ಚೆನ್ನಾಗಿದೆ ಅಂತಲೇ ಅಂದುಕೊಳ್ಳುತ್ತಿದ್ದೆ.

ಮಲ್ಟಿಮೀಟರಿನ ಕಡ್ಡಿಗಳನ್ನು ಪೆಟ್ಟಿಗೆಯ ತುದಿಯಲ್ಲೇ ಹಿಡಿದು, ದೊಡ್ಡಪ್ಪನಿಗೆ ಸ್ವಿಚ್ ಒತ್ತಲು ಹೇಳಿದೆ. ಒತ್ತಿದ ಕೂಡಲೇ 12.4 ಇದ್ದದ್ದು 7ಕ್ಕೆ ಬಿತ್ತು, ಹಸಿರು ದೀಪ ಮಿಣುಕಿತು, ಆರಿತು, ಮತ್ತೆ 12.4 ಆಯಿತು. ಈಗ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬದ ಮೇಲಿಟ್ಟು ಮತ್ತೆ ಒತ್ತಿಸಿದೆ. ಅಲ್ಲಿ 12.3ಕ್ಕಿಂತ ಕೆಳಗೆ ಹೋಗಲೇ ಇಲ್ಲ. ಬ್ಯಾಟರಿ ಕೊಡ್ತಾ ಇದೆ, ಪೆಟ್ಟಿಗೆಗೆ ತಲುಪ್ತಾ ಇಲ್ಲ.

ಅಡಿಕೆಗೆ ಔಷಧಿ ಹೊಡೆಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ಔಷಧಿ, ಹೊಡೆಯುವ ಪೈಪಿನೊಳಗೆ ಸುಣ್ಣದ ಗಸಿ ಕಟ್ಟಿಕೊಂಡಿದೆ ಅಂದುಕೊಳ್ಳಿ. ತುದಿಯ ಗನ್ ಮುಚ್ಚಿ ಹಿಡಿದಿರುವವರೆಗೆ ಪೈಪು ಬಿಗಿಯಾಗಿಯೇ ಇರುತ್ತೆ, ಪ್ರೆಶರ್ ಇದೆ ಅನ್ನಿಸುತ್ತೆ. ಗನ್ ಬಿಟ್ಟ ಕೂಡಲೇ ಬರುವುದು ನಾಲ್ಕು ಹನಿ. ವೈರಿನ ವಿಷಯವೂ ಹಾಗೆಯೇ. ಕರೆಂಟ್ ಹರಿಯದಿರುವಾಗ ಕೆಟ್ಟ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತೆ.

ಹರಿಯುವ ಕರೆಂಟ್ ಸಣ್ಣದೇನಲ್ಲ. ನಾಲ್ಕು ಎಲ್‌ಇಡಿ ಬಲ್ಬು, ಒಂದು ಟಿವಿ, ಬಟ್ಟೆ ಒಣಗಿಸಲು ಹಾಕಿದ ಎರಡು ಫ್ಯಾನು ಸೇರಿದರೆ 300 ವ್ಯಾಟಿನ ಹತ್ತಿರ. 12 ವೋಲ್ಟಿನಿಂದ ಅದನ್ನು ತೆಗೆಯಬೇಕಾದರೆ 25 ಆಂಪಿಯರ್, ಯುಪಿಎಸ್ ತಿನ್ನುವುದೂ ಸೇರಿದರೆ ಸುಮಾರು 30. ಒಂದು ಸಡಿಲ ಜೋಡಣೆಯಲ್ಲಿ 2 ವೋಲ್ಟ್ ಕಳೆದುಹೋದರೆ, 30 ಆಂಪಿಯರಿಗೆ 60 ವ್ಯಾಟಿನ ಬಿಸಿ ಆ ಒಂದೇ ಜಾಗದಲ್ಲಿ ಹುಟ್ಟುತ್ತೆ. ಹಳೇ ಕಾಲದ 60 ವ್ಯಾಟಿನ ಬಲ್ಬನ್ನು ಮುಟ್ಟಿದ ನೆನಪಿದೆ ಅಲ್ವಾ, ಅಷ್ಟು ಬಿಸಿ. ಹಾಗಾಗಿ ಯುಪಿಎಸ್ ಇನ್ನೂ ಓಡುತ್ತಿರುವ ಮನೆಯಲ್ಲೂ, ಒಂದು ಗಂಟೆ ಓಡಿದ ಮೇಲೆ ಆಫ್ ಮಾಡಿ, ಬ್ಯಾಟರಿಯ ಎರಡೂ ಟರ್ಮಿನಲ್ ಹತ್ತಿರ ಕೈ ಒಯ್ದು ನೋಡಿ. ಒಂದು ತಣ್ಣಗೆ, ಇನ್ನೊಂದು ಬಿಸಿ ಅಂತಾದರೆ ಬಿಸಿ ಇರುವ ಕಡೆ ಮುಂದಿನ ಮಳೆಗಾಲಕ್ಕೆ ತೊಂದರೆ ಕಾದಿದೆ.

ಪ್ಲಸ್ ವೈರಿನ ತುದಿಗೆ ಕಪ್ಪು ರಬ್ಬರಿನ ಟೊಪ್ಪಿ ಇತ್ತು. ಅದನ್ನು ಹಿಂದಕ್ಕೆ ಸರಿಸಿದೆ. ವೈರನ್ನು ಬ್ಯಾಟರಿಗೆ ಬಿಗಿಯಲು ತುದಿಗೆ ಹಾಕುವ ತಾಮ್ರದ ಲಗ್ಗಿನ ಮೇಲೆ ನೀಲಿ ಹಸಿರು ಪುಡಿ ದಪ್ಪಗೆ ಕೂತಿತ್ತು. ಚಾಕುವಿನಿಂದ ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಇಂಚು ಸೀಳಿದರೆ, ಒಳಗೆ ತಾಮ್ರದ ಎಳೆಗಳೆಲ್ಲ ಕಪ್ಪಾಗಿ ಕೈಯಲ್ಲೇ ಪುಡಿಯಾದವು. ಲಗ್ಗಿಗೆ ಇನ್ನೂ ಹಿಡಿದುಕೊಂಡಿದ್ದದ್ದು ಐದಾರು ಎಳೆ ಅಷ್ಟೇ. ಆ ಐದಾರು ಎಳೆ ಮಲ್ಟಿಮೀಟರಿಗೆ 12.4 ತೋರಿಸಲಿಕ್ಕೆ ಸಾಕು, ಯುಪಿಎಸ್ ಎಬ್ಬಿಸಲಿಕ್ಕೆ ಸಾಲದು.

ಆ ನೀಲಿ ಪುಡಿ ನಮಗೆ ಹೊಸದಲ್ಲ. ಬೋರ್ಡೋಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕ್ತೀವಲ್ಲ, ಅದೇ ಮೈಲುತುತ್ತ. ಬ್ಯಾಟರಿಯ ಆಸಿಡ್ ಹಬೆ ತಾಮ್ರಕ್ಕೆ ತಾಗಿ ಹುಟ್ಟುತ್ತೆ. ಸೀಸದ ಮೇಲೆ ಬೆಳೆಯುವ ಬಿಳಿ ಪುಡಿ ಬೇರೆ, ಅದು ಸೀಸದ್ದು, ವಿಷ. ಬರಿಗೈಯಲ್ಲಿ ಉಜ್ಜಬೇಡಿ, ಊದಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಇವೆರಡೂ ಬಯಲುಸೀಮೆಯಲ್ಲಿ ಬೆಳೆಯುವುದಕ್ಕಿಂತ ಬೇಗ ಬೆಳೆಯುತ್ತವೆ.

ಹೊಸ ಲಗ್ ಹಾಕಿ ಒತ್ತಿಸಿಕೊಂಡು ಬಂದೆವು. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಆಗೋದಿಲ್ಲ, ಅಂಗಡಿಯಲ್ಲಿ ಕ್ರಿಂಪಿಂಗ್ ಉಪಕರಣದಲ್ಲೇ ಒತ್ತಿಸಬೇಕು. ದೊಡ್ಡಪ್ಪನ ಆ ಎರಡು ಬಸ್ ಪ್ರಯಾಣಕ್ಕಿಂತ ಕಡಿಮೆ ಖರ್ಚಾಯಿತು. ವೈರು ಬಹಳ ಹಳತಾಗಿದ್ದರೆ ಇಡೀ ವೈರನ್ನೇ ಅದೇ ದಪ್ಪದ್ದು, ಅಷ್ಟೇ ಉದ್ದದ್ದು ತಂದು ಹಾಕಿ. ಬ್ಯಾಟರಿ ದೂರ ಇಡಬೇಕು ಅಂತ ವೈರು ಉದ್ದ ಮಾಡಿಸಿಕೊಳ್ಳಬೇಡಿ.

ನೀವೂ ಇದೇ ಪರೀಕ್ಷೆ ಮಾಡಿ. ಲೋಡ್ ಕೊಟ್ಟಾಗ ಬ್ಯಾಟರಿಯ ಕಂಬದ ಮೇಲೆಯೇ ವೋಲ್ಟೇಜ್ ಕುಸಿದರೆ ಬ್ಯಾಟರಿ ಹೋಗಿದೆ. ಅಲ್ಲಿ ನಿಂತು, ಪೆಟ್ಟಿಗೆ ತುದಿಯಲ್ಲಿ ಕುಸಿದರೆ ವೈರು, ಲಗ್ಗು ಅಥವಾ ನಡುವಿನ ಡಿಸಿ ಫ್ಯೂಸ್. ಎರಡೂ ಕಡೆ 12ಕ್ಕಿಂತ ಮೇಲೆ ನಿಂತೂ ಪೆಟ್ಟಿಗೆ ಏಳದಿದ್ದರೆ ಆಗ ಪೆಟ್ಟಿಗೆಯನ್ನು ಪೇಟೆಗೆ ಹೊರಿ.

ಇನ್ನೊಂದು ಸುಳಿವು. ವೈರು ಬಿಚ್ಚಿ ಮತ್ತೆ ಬ್ಯಾಟರಿಗೆ ತಾಗಿಸುವಾಗ ಚಟ್ ಅಂತ ಒಂದು ಸಣ್ಣ ಕಿಡಿ ಬರುವುದು ಸಹಜ. ಪೆಟ್ಟಿಗೆಯೊಳಗಿನ ಕೆಪಾಸಿಟರ್ ತುಂಬಿಕೊಳ್ಳುವಾಗ ಹಾಗಾಗುತ್ತೆ. ಬಿಚ್ಚಿ ತುಂಬ ಹೊತ್ತಾಗಿದ್ದೂ ಕಿಡಿಯೇ ಇಲ್ಲದಿದ್ದರೆ ದಾರಿ ಎಲ್ಲೋ ಕಡಿದಿರಬಹುದು. ಪಟಪಟನೆ ದೊಡ್ಡ ಕಿಡಿ ಹಾರುತ್ತಲೇ ಇದ್ದರೆ ಕೂಡಲೇ ತೆಗೆಯಿರಿ, ಒಳಗೆ ಶಾರ್ಟ್ ಆಗಿದೆ. ಪ್ಲಸ್ ಮೈನಸ್ ಅದಲು ಬದಲಾಗಿ ತಾಗಿಸಿದರೂ ಹೀಗೇ ಆಗುತ್ತೆ, ಒಮ್ಮೆ ತಾಗಿದ್ದಕ್ಕೇ ಒಳಗಿನ ಬೋರ್ಡ್ ಸುಟ್ಟುಹೋಗಬಹುದು.

ಟರ್ಮಿನಲ್ ತೊಳೆಯುವುದು

ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬ್ಯಾಟರಿಯ ಮುಚ್ಚಳಗಳೆಲ್ಲ ಭದ್ರವಾಗಿವೆಯೇ ನೋಡಿಕೊಳ್ಳಿ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಹಚ್ಚಿ. ಬುರುಬುರು ನೊರೆ ಬರುತ್ತೆ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಸೋಡಾ ನೀರು ಒಂದು ಹನಿಯೂ ಸೆಲ್ಲಿನೊಳಗೆ ಹೋಗಬಾರದು, ಒಳಗಿನ ಆಸಿಡನ್ನೇ ಅದು ಕೆಡಿಸುತ್ತೆ. ಲಗ್ಗು ಮತ್ತು ಕಂಬ ತಾಗುವ ಮುಖವನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ. ಪ್ಲಸ್ ಮೊದಲು, ಮೈನಸ್ ಆಮೇಲೆ ಬಿಗಿ ಮಾಡಿ. ಬಿಗಿ ಮಾಡಿಯಾದ ಮೇಲೆ ಹೊರಗಡೆಯಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ನೀರು

ತೇಲುವ ಕಡ್ಡಿಯ ಕೆಂಪು ಗುರುತು ಕಾಣುತ್ತಿದ್ದರೆ ನೀರು ಕಮ್ಮಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತೆ. ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ: "ಇಷ್ಟೊಂದು ಮಳೆ ನೀರು ಸುಮ್ನೆ ಹರಿದು ಹೋಗುತ್ತೆ, ಅದನ್ನೇ ಹಾಕಬಾರದಾ?" ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತೆ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೆಂಚಿನಿಂದ, ದಂಬೆಯಿಂದ ಇಳಿದ ನೀರಿನಲ್ಲಿ ಪಾಚಿ, ಧೂಳು, ಕಬ್ಬಿಣದ ಅಂಶ ಎಲ್ಲ ಇರುತ್ತೆ. ಬಾವಿ ನೀರಿನಲ್ಲಿ ಇನ್ನೂ ಜಾಸ್ತಿ. ಕಬ್ಬಿಣದ ಅಂಶ ಒಳಗೆ ಹೋದರೆ ಬ್ಯಾಟರಿ ತನ್ನಷ್ಟಕ್ಕೆ ಖಾಲಿಯಾಗತೊಡಗುತ್ತೆ. ವರ್ಷಕ್ಕೆ ಒಂದೆರಡು ಕ್ಯಾನ್ ಡಿಸ್ಟಿಲ್ಡ್ ವಾಟರಿಗೆ ಹಿಂದೆ ಮುಂದೆ ನೋಡಬೇಡಿ.

ಚಾರ್ಜ್ ಆಗುವಾಗ ನೀರಿನ ಮಟ್ಟ ಏರುತ್ತೆ. ಹಾಗಾಗಿ ಖಾಲಿ ಬ್ಯಾಟರಿಗೆ ಬಾಯಿತನಕ ತುಂಬಬೇಡಿ. ಒಳಗಿನ ಸೀಸದ ಪ್ಲೇಟು ಮುಳುಗುವಷ್ಟು ಹಾಕಿ, ಚಾರ್ಜ್ ಮಾಡಿ, ಆಮೇಲೆ ಹಸಿರು ಗುರುತಿನವರೆಗೆ ತುಂಬಿಸಿ. ಆಸಿಡ್ ಯಾವತ್ತೂ ಸೇರಿಸಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತೆ.

ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ ನೋಡಿ. ತುಂಬಿದ ಟ್ಯೂಬುಲರ್ ಬ್ಯಾಟರಿಯಲ್ಲಿ 1.24ರ ಆಸುಪಾಸು ಬರಬೇಕು. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ಚಾರ್ಜ್ ಬೇಕು. ಐದು ಸರಿ ಇದ್ದು ಒಂದೇ ಒಂದು ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ.

ಕರೆಂಟ್ ಇದ್ದೂ ಚಾರ್ಜ್ ಆಗದ ಬ್ಯಾಟರಿ

ಲೈನಿನ ಕರೆಂಟ್ ಇರುವಾಗ ಬ್ಯಾಟರಿ ಮೇಲೆ ಅಳೆದರೆ ನಿಧಾನಕ್ಕೆ ಏರಿ 13.5ರಿಂದ 14.4ರೊಳಗೆ ಬರಬೇಕು. ಎಷ್ಟು ಹೊತ್ತಾದರೂ 12ರ ಹತ್ತಿರವೇ ನಿಂತಿದ್ದರೆ ಚಾರ್ಜ್ ಆಗ್ತಾ ಇಲ್ಲ. ಪೆಟ್ಟಿಗೆ ಹಿಂದೆ ಒತ್ತುವ ಗುಂಡಿಯಂಥ ಫ್ಯೂಸ್ ಇರುತ್ತೆ. ಅದು ಹೊರಗೆ ಎದ್ದು ಬಂದಿದ್ದರೆ ಒತ್ತಿ. ಗಾಜಿನ ಫ್ಯೂಸ್ ಆದರೆ ಅಷ್ಟೇ ಆಂಪಿಯರಿನದ್ದು ಹಾಕಿ, ತಂತಿ ಸುತ್ತಬೇಡಿ. ಗೋಡೆಯ ಸಾಕೆಟ್ಟಿಗೆ ಬೇರೆ ಏನಾದರೂ ಹಾಕಿ ಕರೆಂಟ್ ಬರ್ತಿದೆಯಾ ನೋಡಿ.

ಇವೆಲ್ಲ ಸರಿ ಇದ್ದೂ ಬ್ಯಾಟರಿ ತುಂಬದೇ ಹೋಗುವುದು ನಮ್ಮ ಕಡೆ ಬೇಸಿಗೆಯಲ್ಲಿ ಜಾಸ್ತಿ. ಕಾರಣ ವೋಲ್ಟೇಜ್. ತೋಟಕ್ಕೆ ನೀರು ಬಿಡಲು ಎಲ್ಲರೂ ಮೋಟಾರ್ ಹಾಕುವ ಹೊತ್ತಿಗೆ ಲೈನಿನ ತುದಿಯ ಮನೆಗಳಿಗೆ 230ರ ಬದಲು 160, 170 ಬರುತ್ತೆ. ಎಷ್ಟೋ ಯುಪಿಎಸ್‌ಗಳ ಹಿಂದೆ ಎರಡು ಮೋಡಿನ ಸ್ವಿಚ್ ಇರುತ್ತೆ. ಒಂದು ಯುಪಿಎಸ್ ಮೋಡ್, ಕಂಪ್ಯೂಟರ್ ಇರುವವರಿಗೆ. ಇನ್ನೊಂದು ನಾರ್ಮಲ್, ಕೆಲವದರಲ್ಲಿ ಇಕೋ ಅಂತ ಬರೆದಿರುತ್ತೆ. ಯುಪಿಎಸ್ ಮೋಡಿನಲ್ಲಿ ಸಾಮಾನ್ಯವಾಗಿ 180ರಿಂದ 260 ವೋಲ್ಟಿನೊಳಗೆ ಬಂದರೆ ಮಾತ್ರ ಲೈನಿನ ಕರೆಂಟನ್ನು ಒಪ್ಪಿಕೊಳ್ಳುತ್ತೆ. ನಾರ್ಮಲ್ ಮೋಡಿನಲ್ಲಿ ಸುಮಾರು 100ರಿಂದ 290ರವರೆಗೂ ನಡೆಯುತ್ತೆ.

ಈಗ ಮನೆಯಲ್ಲಿ ಏನಾಗುತ್ತೆ ನೋಡಿ. ಲೈನಿನಲ್ಲಿ 165 ವೋಲ್ಟ್ ಇದೆ. ಯುಪಿಎಸ್ ಮೋಡಿನಲ್ಲಿರುವ ಪೆಟ್ಟಿಗೆ ಅದನ್ನು ಬೇಡ ಅನ್ನುತ್ತೆ, ಬ್ಯಾಟರಿಯಿಂದಲೇ ದೀಪ ಉರಿಸುತ್ತೆ. ಮನೆಯವರು ಕರೆಂಟ್ ಇದೆ ಅಂದುಕೊಂಡಿರುತ್ತಾರೆ. ದಿನಾ ಸಂಜೆ ಬ್ಯಾಟರಿ ಸದ್ದಿಲ್ಲದೆ ಇಳಿಯುತ್ತೆ, ಒಂದು ದಿನ ನಿಜವಾಗಿ ಕರೆಂಟ್ ಹೋದಾಗ ಯುಪಿಎಸ್ ಏಳೋದಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಮತ್ತೆ ಇದೇ ಆಗುತ್ತೆ. ಆ ಒಂದು ಸ್ವಿಚ್ ತಿರುಗಿಸಿದ್ದರಿಂದಲೇ ಸರಿಯಾದ ಮನೆಗಳನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಕಡಿಮೆ ವೋಲ್ಟೇಜೇ ಮನೆಗೂ ಬರುತ್ತೆ, ಕರೆಂಟ್ ಹೋದಾಗ ಕಂಪ್ಯೂಟರ್ ಒಮ್ಮೆ ಆಫ್ ಆಗಬಹುದು. ಅದನ್ನು ನಿಮ್ಮ ಅನುಕೂಲಕ್ಕೆ ತಕ್ಕಂತೆ ತೀರ್ಮಾನಿಸಿ.

ಬ್ಯಾಟರಿ ತೀರಾ ಇಳಿದುಹೋದರೆ ಎಷ್ಟೋ ಪೆಟ್ಟಿಗೆಗಳು ಅಲ್ಲಿ ಬ್ಯಾಟರಿಯೇ ಇಲ್ಲ ಅಂದುಕೊಂಡು ಚಾರ್ಜ್ ಶುರು ಮಾಡೋದೇ ಇಲ್ಲ. ಆಗ ಅಂಗಡಿಯಲ್ಲಿ ಬೇರೆ ಚಾರ್ಜರಿನಿಂದ ನಿಧಾನಕ್ಕೆ ಏರಿಸಬೇಕು. 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಗೆ 15 ಆಂಪಿಯರ್ ಮೀರದ ಹಾಗೆ, ಒಂದು ದಿನ ಬಿಟ್ಟು ಬನ್ನಿ. ಜೀಪಿನ ಬ್ಯಾಟರಿಯಿಂದ ವೈರು ಎಳೆದು ಎಬ್ಬಿಸುವವರಿದ್ದಾರೆ. ಕಿಡಿ ಹಾರಿ ಬ್ಯಾಟರಿ ಸಿಡಿಯುವ ಅಪಾಯ ಇದೆ, ಮನೆಯೊಳಗೆ ಅದನ್ನು ಮಾಡಬೇಡಿ.

ತಪ್ಪು ಮನೆಯ ಕಡೆ ಇದ್ದರೆ

ಔಟ್‌ಪುಟ್ ಪ್ಲಗ್ ತೆಗೆದು, ಪೆಟ್ಟಿಗೆಗೆ ನೇರವಾಗಿ ಒಂದು ಟೇಬಲ್ ಲ್ಯಾಂಪ್ ಮಾತ್ರ ಹಾಕಿ ಆನ್ ಮಾಡಿ. ಉರಿದರೆ ಯುಪಿಎಸ್ ಚೆನ್ನಾಗಿದೆ, ಮನೆಯ ವೈರಿಂಗಿನಲ್ಲಿ ಏನೋ ಇದೆ. ಯುಪಿಎಸ್ ಲೈನಿಗೆ ಯಾರಾದರೂ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಹಾಕಿದ್ದಾರಾ ನೋಡಿ. ಕೆಟಲ್ ಒಂದೇ 1500 ವ್ಯಾಟ್. ಅರ್ಧ ಎಚ್‌ಪಿ ಪಂಪು ಓಡುವಾಗ 500 ವ್ಯಾಟಿನ ಆಸುಪಾಸು ತಿಂದರೂ, ಶುರುವಾಗುವಾಗ ಅದರ ಹಲವು ಪಟ್ಟು ಕೇಳುತ್ತೆ. ಸಣ್ಣ ಯುಪಿಎಸ್ ಅಲ್ಲೇ ಕೈ ಎತ್ತುತ್ತೆ.

ಏನೂ ಹಾಕಿಲ್ಲ ಅಂದರೂ ಟ್ರಿಪ್ ಆಗುತ್ತಿದ್ದರೆ ಒದ್ದೆ ಗೋಡೆ ನೆನಪಿರಲಿ. ಎರಚಲು ಹೊಡೆಯುವ ಕಡೆಯ ಗೋಡೆ, ಜಗಲಿಯ ಸ್ವಿಚ್ ಬೋರ್ಡು, ಕೊಟ್ಟಿಗೆಯ ದೀಪ. ಬೋರ್ಡಿನೊಳಗೆ ಇರುವೆ ಗೂಡು, ಸತ್ತ ಹಲ್ಲಿ ಕೂಡ ಸಿಕ್ಕಿದೆ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಅವರು ಬಂದಾಗ ಇನ್ನೊಂದು ಕೇಳಿ. ನಮ್ಮ ಯುಪಿಎಸ್ ಕರೆಂಟ್ ಮೀಟರಿನ ಕಡೆಗೆ, ಹೊರಗಿನ ಲೈನಿಗೆ ವಾಪಸ್ ಹೋಗುವಂತೆ ಯಾರಾದರೂ ಜೋಡಿಸಿದ್ದಾರಾ? ಪ್ಲಗ್ ಎರಡೂ ಕಡೆ ಇರುವ ವೈರು ಮಾಡಿ ಸಾಕೆಟ್ಟಿನಿಂದಲೇ ಮನೆಗೆಲ್ಲ ಕರೆಂಟ್ ಕೊಡುವ ಕೆಟ್ಟ ಅಭ್ಯಾಸ ಕೆಲವು ಕಡೆ ಇದೆ. ಮಳೆಯಲ್ಲಿ ನೆನೆದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ಲೈನು ಸತ್ತಿದೆ ಅಂತ ನಂಬಿ ಕೈ ಹಾಕಿರುತ್ತಾರೆ. ಅಂಥ ಜೋಡಣೆ ಕಂಡರೆ ಅವತ್ತೇ ತೆಗೆಸಿ.

ಪೆಟ್ಟಿಗೆಯೇ ಹೋಗಿದ್ದರೆ

ಸುಟ್ಟ ವಾಸನೆ, ಉಬ್ಬಿದ ಮುಚ್ಚಳ, ಗುಡುಗು ಮಿಂಚಿನ ರಾತ್ರಿ ಕಳೆದು ಸತ್ತದ್ದು, ಇವಿಷ್ಟು ಇದ್ದರೆ ಅಳೆಯುತ್ತಾ ಕೂರಬೇಡಿ, ಅಂಗಡಿಗೆ ಕೊಡಿ. ಏಪ್ರಿಲ್, ಮೇ ತಿಂಗಳ ಮಿಂಚಿಗೆ ನಮ್ಮಲ್ಲಿ ಹೋಗುವ ಯುಪಿಎಸ್ ಎಷ್ಟೋ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಟ್ಟರೆ ಉಳಿಯುತ್ತೆ. ಪೇಟೆಗೆ ಒಯ್ಯುವಾಗ ಬ್ಯಾಟರಿ ವೈರನ್ನೂ ಜೊತೆಗೇ ಒಯ್ಯಿರಿ. ದೊಡ್ಡಪ್ಪ ವೈರು ಬಿಟ್ಟು ಹೋಗಿದ್ದಕ್ಕೇ ಅಂಗಡಿಯಲ್ಲಿ ಎಲ್ಲ ಸರಿ ಕಂಡದ್ದು.

ಹಳೇ ಬ್ಯಾಟರಿಯನ್ನು ಅಂಗಡಿಗೇ ವಾಪಸ್ ಕೊಡಿ. ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ತಯಾರಕರದ್ದು. ಆಸಿಡನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಆ ಹಳ್ಳದ ನೀರನ್ನೇ ಕೆಳಗಿನ ಮನೆಯವರು ಕುಡಿಯುತ್ತಾರೆ.

ಲಿಥಿಯಂ ಇದ್ದವರಿಗೆ

ಈಗ ಬರುತ್ತಿರುವ ಲಿಥಿಯಂ ಬ್ಯಾಟರಿಯಲ್ಲಿ ನೀರಿಲ್ಲ, ಆಸಿಡಿಲ್ಲ. ಆದರೆ ಮಲ್ಟಿಮೀಟರ್ ಸೊನ್ನೆ ತೋರಿಸಿದರೆ ಹೆದರಬೇಡಿ. ಒಳಗಿನ ಕಾವಲು ಸರ್ಕ್ಯೂಟ್ ಬ್ಯಾಟರಿ ತುಂಬ ಇಳಿದಾಗ ತಾನೇ ಬಾಗಿಲು ಹಾಕಿಕೊಳ್ಳುತ್ತೆ. ಅದರದ್ದೇ ಚಾರ್ಜರಿಗೆ ಹಾಕಿ, ಲೈನ್ ಕರೆಂಟ್ ಕೊಟ್ಟು, ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಎಷ್ಟೋ ಸಲ ಏಳುತ್ತೆ. ಮೈ ಉಬ್ಬಿದ್ದರೆ ಮಾತ್ರ ಮುಟ್ಟಬೇಡಿ, ಬಿಚ್ಚಬೇಡಿ.

ಮನೆ ಬೀಗ ಹಾಕಿ ಹೋಗುವವರಿಗೆ

ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮಳೆಗಾಲದಲ್ಲಿ ಅಪ್ಪ ಅಮ್ಮನೂ ಅಲ್ಲಿಗೇ. ಹೀಗೆ ಮೂರು ನಾಲ್ಕು ತಿಂಗಳು ಬೀಗ ಬೀಳುವ ಮನೆ ನಮ್ಮೂರಲ್ಲಿ ವರ್ಷ ವರ್ಷಕ್ಕೂ ಜಾಸ್ತಿಯಾಗ್ತಿದೆ. ಮೇನ್ ಸ್ವಿಚ್ ತೆಗೆದು ಹೋಗ್ತಾರೆ, ಯುಪಿಎಸ್ ಆನ್ ಆಗಿಯೇ ಉಳಿಯುತ್ತೆ. ಕೆಲವೇ ದಿನದಲ್ಲಿ ಬ್ಯಾಟರಿ ಖಾಲಿ, ಉಳಿದ ತಿಂಗಳೆಲ್ಲ ಖಾಲಿಯಾಗಿಯೇ ಕೂತು ಪ್ಲೇಟಿನ ಮೇಲೆ ಗಟ್ಟಿ ಪೊರೆ ಕಟ್ಟುತ್ತೆ. ದೀಪಾವಳಿಗೆ ಬಂದು ಸ್ವಿಚ್ ಒತ್ತಿದರೆ ಸದ್ದೇ ಇಲ್ಲ.

ಹೊರಡುವ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ನೀರು ನೋಡಿ, ಯುಪಿಎಸ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರು ಬಿಚ್ಚಿ ಟೇಪ್ ಸುತ್ತಿಡಿ. ಪಕ್ಕದ ಮನೆಯವರು ತಿಂಗಳಿಗೊಮ್ಮೆ ಬಂದು ವೈರು ಸಿಕ್ಕಿಸಿ ಒಂದು ದಿನ ಚಾರ್ಜ್ ಮಾಡಿಕೊಡುವಂತಿದ್ದರೆ ಇನ್ನೂ ಒಳ್ಳೆಯದು. ವಾಪಸ್ ಬಂದ ದಿನ ಮೊದಲು ಕಿಟಕಿ ತೆಗೆದು, ಬ್ಯಾಟರಿಯ ಕಂಬದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. 12ಕ್ಕಿಂತ ಮೇಲೆ ಇದ್ದರೆ ಮೈನಸ್ ಜೋಡಿಸಿ, ಪ್ಲಗ್ ಹಾಕಿ, ರಾತ್ರಿಯಿಡೀ ಚಾರ್ಜ್ ಆಗಲು ಬಿಡಿ.